ಟ್ಯಾಂಕಿನ ಮೇಲೆ ಕೂತ ಗೂಬೆ

ಮುಂದೆ ಯಾರಾದರೂ ಮಾನ್ವಿಯ ಚರಿತ್ರೆ ಬರೆಯಲು ಕೂತರೆ, ಅಂಬರೀಶ ಮಾಸ್ತರರ ಹೊಸ ಮನೆಯ ನೀರಿನ ಟ್ಯಾಂಕಿನ ಮೇಲೆ ಒಂದು ಗೂಬೆ ಬಂದು ಕೂತು, ಕತ್ತು ತಿರುಗಿಸಿ ನೋಡಿ, ಹಿಕ್ಕೆ ಹಾಕಿ ಎದ್ದುಹೋದ ಘಟನೆಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಶ್ರಾವಣದ ಸಂಜೆ. ಹೊಸ ಮನೆಯಲ್ಲಿ ಬುದ್ಧವಂದನೆ ಮುಗಿದಿತ್ತು. ಮಾಳಿಗೆಯ ಮೇಲೆ ಪಂಕ್ತಿಯಲ್ಲಿ ಕೂತವರ ಎಲೆಗೆ ಗೋಧಿ ಹುಗ್ಗಿ ಬೀಳುತ್ತಿತ್ತು. ಆ ಗೂಬೆಯನ್ನು ನೋಡಬಾರದಾಗಿದ್ದವಳು ಒಬ್ಬಳೇ, ಮಾಸ್ತರರ ತಾಯಿ ಮೂಕಮ್ಮ. ಎಲ್ಲರಿಗಿಂತ ಮೊದಲು ನೋಡಿದವಳೂ ಅವಳೇ.

"ಗೂಗಿ ಕುಂತ ಮನ್ಯಾಗ ಇರಂಗಿಲ್ಲ," ಎಂದು ಎಲೆ ಬಿಟ್ಟು ಎದ್ದಳು. "ಮೂರು ತಿಂಗ್ಳ ಕೀಲಿ ಹಾಕ್ರಿ. ನಾ ಗಬ್ಬೂರಿಗೆ ಹೊಂಟೆ."

"ಯವ್ವಾ, ಅದು ಮನಿ ಮ್ಯಾಲೆ ಕುಂತಿಲ್ಲ. ಟ್ಯಾಂಕಿನ ಮ್ಯಾಲೆ ಕುಂತಿತ್ತು."

"ಟ್ಯಾಂಕೇನು ಮುಗಿಲಾಗ ತೂಗಾಕತ್ತದೇನು?"

ಗೂಬೆ ಕೂತ ಮನೆಗೆ ಬೀಗ ಹಾಕಿ, ಬಂಧುಗಳ ಮನೆಯಲ್ಲಿದ್ದು, ಮೂರು ತಿಂಗಳಾದ ಮೇಲೆ ಮರಳಿ ದೀಪ ಹಚ್ಚುವುದು ಈ ಕಡೆಯ ಪದ್ಧತಿ. ಮಾಸ್ತರರಿಗೆ ಅದು ಸಾಧ್ಯವಿರಲಿಲ್ಲ. ದೇವದುರ್ಗದ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಮೂಢನಂಬಿಕೆಯ ವಿರುದ್ಧ ಭಾಷಣಕ್ಕೆ ಸುತ್ತಲಿನ ಊರುಗಳು ಅವರನ್ನೇ ಕರೆಯುತ್ತಿದ್ದವು. ಗೂಬೆಗೆ ಹೆದರಿ ಬೀಗ ಹಾಕಿದರೆ ಮರುದಿನ ಎಂಟನೆಯ ತರಗತಿಯ ಎದುರು ನಿಲ್ಲುವುದು ಹೇಗೆ? ಬೀಗ ಹಾಕದಿದ್ದರೆ ಅವ್ವ ಬರುವುದಿಲ್ಲ. ಮನೆ ಕಟ್ಟಿಸಿದ್ದೇ ಅವ್ವನಿಗಾಗಿ. ಆಯುಷ್ಯವಿಡೀ ಊರವರ ಮನೆಗಳಿಗೆ ಕಲ್ಲು ಹೊತ್ತವಳು ಮಗನ ಮನೆಯಲ್ಲಿ ಕಾಲು ಚಾಚಿ ಮಲಗಲೆಂದು ಒಂದು ಕೋಣೆ, ಅದರಲ್ಲಿ ಒಂದು ಹೊಸ ಹತ್ತಿಯ ಗಾದಿ.

"ಆ ಗೂಗಿನೇ ಇಲ್ದಂಗಾದ್ರ ಬರ್ತೀಯೇನವ್ವಾ?"

"ಮೊದ್ಲು ಇಲ್ದಂಗಾಗ್ಲಿ. ಭತ್ತದ ಕೊಯ್ಲು ಮುಗೀಲಿ. ಆಮ್ಯಾಲೆ ನೋಡಾಮು."

ಕೊಯ್ಲಿಗೆ ಮೂರು ತಿಂಗಳಿಗಿಂತ ಹೆಚ್ಚೇ ಇತ್ತು. ಬೀಗದ ಅವಧಿ ಅಷ್ಟರಲ್ಲಿ ತಾನಾಗಿಯೇ ಮುಗಿಯುತ್ತಿತ್ತು. ತಾಯಿ, ಮಗ ಇಬ್ಬರಿಗೂ ಇದು ಹೊಳೆಯಲಿಲ್ಲ.

ಗೂಬೆಯ ಸಂಸಾರ ಇದ್ದದ್ದು ಪಕ್ಕದ ಖತೀಜಾ ಬೀಯ ಗೋದಾಮಿನಲ್ಲಿ. ಮಗ ಮುಕರ್ರಂ ಖರೀದಿಸಿದ ಭತ್ತ ತುಂಬಿಡುವ ಹಳೆಯ ಕಲ್ಲಿನ ಕಟ್ಟಡ. ಮಾಸ್ತರರ ಮಾಳಿಗೆಯ ಕಡೆಗಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಬೆಳಕಿಂಡಿ. ಅದರ ಆಳದ ಗೂಡಿನಲ್ಲಿ ಗೂಬೆಗಳು. ದಿನಾ ಬೆಳಿಗ್ಗೆ ಅದರ ಕೆಳಗೆ ಅವು ಕಾರಿದ ಕೂದಲು-ಎಲುಬಿನ ಕಪ್ಪು ಉಂಡೆಗಳು ಬಿದ್ದಿರುತ್ತಿದ್ದವು. ಖತೀಜಾ ಬೀ ಬೈಯುತ್ತ ಗುಡಿಸುತ್ತಿದ್ದಳು. ಮನೆ ಕಟ್ಟಿಸುವ ಕಾಲಕ್ಕೆ ಮಾಸ್ತರರು ಅಂಥದೊಂದು ಉಂಡೆಯನ್ನು ಕಾಗದದಲ್ಲಿ ಸುತ್ತಿ ಶಾಲೆಗೆ ಒಯ್ದು, ಮಕ್ಕಳ ಮುಂದೆ ಬಿಡಿಸಿ, ಒಳಗಿನ ಇಲಿಯ ತಲೆಬುರುಡೆಗಳನ್ನು ತೋರಿಸಿದ್ದರು. ಬೋರ್ಡಿನ ಮೇಲೆ ಭತ್ತ, ಇಲಿ, ಗೂಬೆ ಎಂದು ಬಾಣ ಹಾಕಿ ಬರೆದಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದ್ದವು. ಆಗ ಗೂಬೆ ಬರೀ ಪಾಠವಾಗಿತ್ತು.

"ಖತೀಜಾ ಬೀ, ನಿಮ್ಮ ಗೂಗಿ ಬಂದು ನಮ್ಮ ಟ್ಯಾಂಕಿನ ಮ್ಯಾಲೆ ಕುಂದರ್ತದ."

"ನಮ್ಮ ಗೂಗಿ? ನಾನೇನು ಹಗ್ಗ ಕಟ್ಟಿ ಸಾಕೀನೇನು? ನಿಮ್ಮ ಟ್ಯಾಂಕ್ ಇರೋ ಕಡಿ ಹುಣಸಿ ಗಿಡ ಇತ್ತು ಮಾಸ್ತರ್. ಅದರ ಮ್ಯಾಲೆ ಕುಂದರ್ತಿತ್ತು. ಕಡಿದವ್ರು ಯಾರು?"

"ನನ್ನ ಜಾಗಾ, ಕಡಿದೆ."

"ಹಂಗಾರ ಜಾಗಕ್ಕ ಬುದ್ಧಿ ಹೇಳ್ರಿ, ನನಗ್ಯಾಕ?"

ಮುಕರ್ರಂ ಒಳಗಿನಿಂದ ನಗುತ್ತ ಬಂದ. "ಮಾಸ್ತರ್ ಸಾಬ್, ಊರೂರಿಗೆ ಭಾಷಣ ಮಾಡ್ತೀರಂತ. ಗೂಗಿಗೂ ಒಂದು ಮಾಡ್ರಿ. ಕೇಳಿ ನಿದ್ದಿ ಹೋಗ್ತದ."

ಓಣಿಗೆ ಓಣಿಯೇ ನಕ್ಕಿತು. ಆ ನಗು ದುಬಾರಿಯಾಯಿತು.

ಮರುವಾರ ಶುಕ್ರವಾರ ಮಧ್ಯಾಹ್ನ, ಮುಕರ್ರಂ ನಮಾಜಿಗೆ ಹೋದ ಹೊತ್ತು ನೋಡಿ, ಮಾಸ್ತರರು ಬೆಳಕಿಂಡಿ ಮುಚ್ಚಿಸಲು ಗೌಂಡಿಯನ್ನು ಮಾಳಿಗೆಗೆ ಹತ್ತಿಸಿದರು. ಗೂಬೆಗಳು ಹಗಲಲ್ಲಿ ನಿದ್ದೆ ಮಾಡುತ್ತವೆ ಎಂಬುದು ವಿಜ್ಞಾನ.

"ಸಾರ್, ಒಳಗ ಏನೋ ಬುಸುಗುಡಾಕತ್ತದ."

"ಗಾಳಿ. ನೀ ಸಿಮೆಂಟ್ ಹಾಕು."

ಗಾಳಿ ಕೆಲವು ದಿನ ಗೋಡೆ ಕೆರೆಯಿತು. ಆಮೇಲೆ ನಾರಿತು. ಮುಕರ್ರಂ ಸಿಮೆಂಟ್ ಒಡೆದು, ಎರಡು ದೊಡ್ಡವನ್ನೂ ಪುಕ್ಕ ಬಲಿಯದ ಮರಿಗಳನ್ನೂ ಹೊರಗೆಳೆದು, ತಂದು ಮಾಸ್ತರರ ಹೊಸಿಲ ಮೇಲೆ ಸುರಿದ.

"ತಗೋರಿ, ನಿಮ್ಮ ಸಾಮಾನು."

ಮಾಸ್ತರರ ಹೆಂಡತಿ ವಿಶಾಖಾ ಬಾಗಿಲಲ್ಲಿದ್ದಳು. "ಮರಿ ಇದ್ದದ್ದು ಗೊತ್ತಿತ್ತೇನ್ರೀ?"

"ಗಾಳಿ ಅನ್ಕೊಂಡಿದ್ದೆ."

"ಗಾಳಿಗೆ ಕೊಕ್ಕು ಇರ್ತಾವೇನ್ರೀ?"

ತೆಂಗಿನ ಸಸಿಯ ಬುಡದಲ್ಲಿ ಹೂಳಿದ್ದಾಯಿತು. ಬೆಳಕಿಂಡಿ ಈಗ ತೆರೆದೇ ಇತ್ತು, ಆದರೆ ಬಂದು ಸೇರಲು ಬೇರೆ ಗೂಬೆ ಇರಲಿಲ್ಲ. ಕಾಲುವೆಯ ಬದಿಯ ಪೊಟರೆಯ ಮರಗಳೆಲ್ಲ ಯಾವತ್ತೋ ಉರುಳಿದ್ದವು. ಆ ಭಾಗಕ್ಕೆ ಉಳಿದಿದ್ದದ್ದು ಅದೊಂದೇ ಸಂಸಾರ. ಮಾಸ್ತರರು ಗಬ್ಬೂರಿಗೆ ಫೋನ್ ಮಾಡಿ, "ಗೂಗಿ ಹೋತವ್ವಾ," ಎಂದರು.

ದಸರೆಯ ಹೊತ್ತಿಗೆ ಗೋದಾಮಿನ ಚೀಲಗಳು ತಳದಿಂದ ಸೋರತೊಡಗಿದವು. ಖತೀಜಾ ಬೀ ಇಲಿ ಪಾಷಾಣ ಇಟ್ಟಳು. ಕೆಲವು ಇಲಿ ಸತ್ತವು. ಸತ್ತ ಇಲಿ ತಿಂದು ಓಣಿಯ ಬೆಕ್ಕುಗಳೆಲ್ಲ ಸತ್ತವು, ವಿಶಾಖಾಳ ಕಂದು ಬೆಕ್ಕೂ ಸೇರಿ. ಉಳಿದ ಇಲಿಗಳು ಪಾಷಾಣ ಬಿಟ್ಟು ಭತ್ತ ತಿನ್ನುವುದನ್ನು ಕಲಿತು, ನಿರಾತಂಕವಾಗಿ ಹೆಚ್ಚಿದವು.

"ನಿಮ್ಮ ಪಾಷಾಣ ನಮ್ಮ ಬೆಕ್ಕು ಕೊಂದ್ತು!" ಎಂದು ವಿಶಾಖಾ ಮಾಳಿಗೆಯಿಂದ.

"ನಿಮ್ಮ ಸಿಮೆಂಟ್ ನಮ್ಮ ಭತ್ತ ತಿಂದ್ತು!" ಎಂದು ಖತೀಜಾ ಬೀ ಅಂಗಳದಿಂದ.

ಎರಡೂ ನಿಜವಾಗಿದ್ದರಿಂದ ಜಗಳ ಮುಗಿಯುವ ಹಾಗಿರಲಿಲ್ಲ. ಇಲಿಗಳು ಈ ನಡುವೆ ಗೋಡೆ ದಾಟಿ ಮಾಸ್ತರರ ವೈರು ಕಡಿದವು, ಅವ್ವನ ಗಾದಿಯೊಳಗೆ ಮರಿ ಹಾಕಿದವು. ಮಾಸ್ತರರು ಗಾದಿ ಬಿಸಿಲಿಗೆ ಹಾಕಿ, ಹೊಲಿಸಿ, ಮತ್ತೆ ಹಾಸಿದರು. ಕೊಯ್ಲು ಮುಗಿದು ಗದ್ದೆ ಬಯಲಾದಾಗ, ಇಲಿ ತಿಂದು ಬದುಕುವ ಇನ್ನೊಂದು ಜಾತಿ ಕಾಲುವೆಯ ಕಡೆಯಿಂದ ಓಣಿಯ ದಾರಿ ಹಿಡಿಯಿತು. ಗೂಬೆ ಟ್ಯಾಂಕಿನ ಮೇಲೆ ಕೂತು ಹೋಗುತ್ತಿತ್ತು. ಇದು ಮನೆಯೊಳಗೇ ಬರುವಂಥದು.

ಮೂಕಮ್ಮ ಗಬ್ಬೂರಿನಿಂದ ಬಸ್ಸಿನಲ್ಲಿ ಜೋಳದ ಹಿಟ್ಟಿನ ಗಂಟು ಹೊತ್ತು ಬಂದಳು. ಟ್ಯಾಂಕು ನೋಡಿದಳು, ಖಾಲಿ ಇತ್ತು. ಒಳಗೆ ಬಂದು ನೆಲ ಸವರಿ, "ಪರ್ಸಿ ಭಾಳ ಚೊಲೊ ಹಾಕ್ಸೀಯಪಾ," ಎಂದಳು. ಮಾಸ್ತರರ ಕಣ್ಣು ತುಂಬಿತು. ಮಲಗಲೆಂದು ಅವಳು ಗಾದಿಯ ಅಂಚು ಎತ್ತಿದಳು. ಅಡಿಯಲ್ಲಿ ಸುರುಳಿ ಸುತ್ತಿಕೊಂಡಿದ್ದದ್ದು ಹೆಡೆ ಎತ್ತಿತು.

ಮೂಕಮ್ಮ ಚೀರಲಿಲ್ಲ. ಹಿಂದೆ ಸರಿದು ಕೇಳಿದಳು: "ಅಂಬ್ರ್ಯಾ, ಇದು ನಿಂದೋ, ಖತೀಜಾ ಬೀದೋ?"

ಹಾವು ಹಿಡಿಯುವವನು ಬಂದು ಒಂದನ್ನು ಮಂಚದ ಕೆಳಗಿಂದ, ಇನ್ನೊಂದನ್ನು ಅಡುಗೆಮನೆಯಿಂದ ಹಿಡಿದ. ಅಷ್ಟರಲ್ಲಿ ಮುದುಕಿ ಗಂಟು ಎತ್ತಿಕೊಂಡಿದ್ದಳು.

"ಯವ್ವಾ, ಹಿಡಿದ್ರಲ್ಲ! ಹೊಂಟ್ಯಾಕ?"

"ಗೂಗಿಗೆ ಮೂರು ತಿಂಗ್ಳ ಕೀಲಿ ಅಂತ ಗೊತ್ತದ. ಹಾವಿಗೆ ಎಷ್ಟು ತಿಂಗ್ಳ ಅಂತ ನನಗ ಯಾರೂ ಹೇಳಿಲ್ಲ. ಬಿಡು ದಾರಿ."

ಮುಕರ್ರಂ ಉಳಿದ ಭತ್ತವನ್ನು ರಾಯಚೂರಿಗೆ ಸಾಗಿಸಿದ. ಖಾಲಿ ಗೋದಾಮಿನಲ್ಲಿ ತಿನ್ನಲೇನೂ ಸಿಗದೆ ಇಲಿಗಳೆಲ್ಲ ಪಕ್ಕದ ಮನೆ ಸೇರಿದವು. ಸಂಕ್ರಾಂತಿಯಾದ ಮೇಲೆ ಮಾಸ್ತರರು, ವಿಶಾಖಾ ದೇವದುರ್ಗದಲ್ಲಿ ಬಾಡಿಗೆ ಮನೆ ಹಿಡಿದರು. ಹೊಸ ಮನೆಗೆ ಬೀಗ ಹಾಕಿದೆ. ಮೂಕಮ್ಮ ಗಬ್ಬೂರಿನಲ್ಲಿದ್ದಾಳೆ.