ಬಳ್ಳಿಯ ಮೇಲೆ ಕಂಡ ಬಿಳುಪು

ನಾನು ಒಂದು ಸ್ಪ್ರೇ ಬಾಟಲಿ. ಹೊಟ್ಟೆ ನೀಲಿ, ಕುತ್ತಿಗೆ ಬಿಳಿ. ಕಾದ ಪ್ಲಾಸ್ಟಿಕ್ಕಿನೊಳಗೆ ಗಾಳಿ ಊದಿ ನನ್ನನ್ನು ಹುಟ್ಟಿಸಿದರು. ಹುಟ್ಟಿದಾಗ ಮುಟ್ಟಲಾಗದಷ್ಟು ಬಿಸಿಯಾಗಿದ್ದೆ. ತಣ್ಣಗಾದ ಮೇಲೆ ಕೈಗಳು ಬಂದವು. ಅಂದಿನಿಂದ ನಾನು ಜನರನ್ನು ಗುರುತಿಸುವುದು ಕೈಗಳಿಂದಲೇ. ಕೆಳಗಿನಿಂದ ನೋಡುವವರಿಗೆ ಮುಖ ಪೂರ್ತಿ ಕಾಣುವುದಿಲ್ಲ, ಗದ್ದವಷ್ಟೇ ಕಾಣುತ್ತದೆ.

ಮೊದಲು ಬೆಟಗೇರಿಯ ಒಂದು ಕಟಿಂಗ್ ಅಂಗಡಿಯಲ್ಲಿ ಎರಡು ವರ್ಷ ಇದ್ದೆ. ಗಿರಾಕಿಗಳ ತಲೆ ತೋಯಿಸುವುದು ನನ್ನ ಕೆಲಸ. ಅಂಗಡಿಯವನು ಹೊಸ ಬಾಟಲಿ ತಂದಾಗ, ಅವನ ಅಂಗಡಿಯ ಬಟ್ಟೆ ಹೊಲಿದುಕೊಡುತ್ತಿದ್ದ ಶಿವಲೀಲಾಳ ಕೈಗೆ ನನ್ನನ್ನು ಕೊಟ್ಟ. "ಇಸ್ತ್ರಿ ಮಾಡೂ ಮುಂದ ಆಗ್ತೈತಿ, ತಗೋರಿ" ಅಂದ.

ಆ ಕೈಯ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ನನ್ನ ಕುತ್ತಿಗೆಗೆ ಆ ಒರಟುತನ ಬಹಳ ಬೇಗ ಅಭ್ಯಾಸವಾಯಿತು.

ಅವಳ ಮನೆಯೆಂದರೆ ಮಹಡಿಯ ಮೇಲೆ ಎರಡು ಕೋಣೆ. ತಾಯಿ ದಾನವ್ವ, ದೊಡ್ಡ ಮಗಳು ಶಿವಲೀಲಾ, ಸಣ್ಣ ಮಗಳು ಮಹಾದೇವಿ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಹೊಲಿಗೆ ಯಂತ್ರ. ಕಿಟಕಿಯ ಕಟ್ಟೆಯ ಮೇಲೆ ಒಂದು ಕುಂಡ, ಅದರಲ್ಲಿ ದಪ್ಪ ಎಲೆಯ ಬಳ್ಳಿ. ಜಂಪರ್ ಹೊಲಿಸಿಕೊಳ್ಳಲು ಬಂದಿದ್ದ ಟೀಚರೊಬ್ಬರು ಅದರ ತುಂಡು ಕೊಟ್ಟಿದ್ದರಂತೆ. ಮೇಣದ ಹೂ ಅನ್ನುತ್ತಾರಂತೆ. ಮೇಣದಲ್ಲಿ ಮಾಡಿದಂಥ ಸಣ್ಣ ಸಣ್ಣ ನಕ್ಷತ್ರಗಳು ಗೊಂಚಲಾಗಿ ಬಿಡುತ್ತವಂತೆ. ಆದರೆ ವರ್ಷಗಟ್ಟಲೆ ಕಾಯಬೇಕು.

ಶಿವಲೀಲಾ ದಿನಾ ಇಸ್ತ್ರಿ ಮುಗಿಸಿ ನನ್ನನ್ನು ಬಳ್ಳಿಯ ಕಡೆಗೆ ತಿರುಗಿಸುತ್ತಿದ್ದಳು. ಮೂರು ವರ್ಷ ಬರೀ ಎಲೆ.

"ಇದು ಹೂ ಬಿಡೂದಲ್ಲ, ನೀ ಗಂಡನ ಮನಿಗೆ ಹೋಗೂದಲ್ಲ" ಎಂದು ದಾನವ್ವ ಅಡುಗೆ ಕೋಣೆಯಿಂದಲೇ ಚುಚ್ಚುತ್ತಿದ್ದಳು.

"ಅದು ಬಿಡ್ಲಿ ಯವ್ವಾ, ಮುಹೂರ್ತ ಅದ ಹೇಳ್ತೈತಿ" ಎಂದು ಶಿವಲೀಲಾ ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ನನ್ನನ್ನು ಕುತ್ತಿಗೆಯವರೆಗೆ ತುಂಬಿದಳು. ಅವಳ ಕಣ್ಣು ಹಳದಿಯಾಗಿದೆ ಎಂದು ಯಾರೋ ಅಂದರು. ಆಸ್ಪತ್ರೆಗೆ ಒಯ್ಯಲು ಆಟೋ ಬಂತು. ಹತ್ತು ದಿನಕ್ಕೆ ಅವಳ ಫೋಟೊ ಮನೆಗೆ ಬಂತು, ಅವಳು ಬರಲಿಲ್ಲ.

ಫೋಟೊವನ್ನು ಕಿಟಕಿಯ ಪಕ್ಕದ ಗೋಡೆಗೆ ಹಾಕಿದರು. ಅದರ ಗಾಜಿನ ಮೇಲೆ ದಾನವ್ವ ದಿನಾ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ನನ್ನನ್ನು ಯಾರೂ ಮುಟ್ಟಲಿಲ್ಲ. ನನ್ನೊಳಗಿನ ನೀರು ಶಿವಲೀಲಾ ತುಂಬಿದ್ದೇ. ಅದಕ್ಕೆ ಮೆಲ್ಲಗೆ ಪಾಚಿ ಹಿಡಿಯಿತು. ಸತ್ತವಳ ಕೊನೆಯ ಕೆಲಸವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೇನೆ ಅನ್ನಿಸುತ್ತಿತ್ತು. ಕೆಲವು ಮಧ್ಯಾಹ್ನ ಗಾಳಿಗೆ ಹೊಲಿಗೆ ಯಂತ್ರದ ಚಕ್ರದ ಪಟ್ಟಿ ಒಮ್ಮೆ ಟಕ್ಕೆನ್ನುತ್ತಿತ್ತು. ಒಳಗಿನಿಂದ ದಾನವ್ವ "ಲೀಲಾ?" ಅನ್ನುತ್ತಿದ್ದಳು.

ಮುಂದಿನ ವರ್ಷ ಬಳ್ಳಿಯಲ್ಲಿ ಮೊಗ್ಗು ಬಂತು. ಒಂದೇ ಗೊಂಚಲು, ಅದೂ ಫೋಟೊದ ಪಕ್ಕಕ್ಕೆ ಹಬ್ಬಿದ ಕುಡಿಯಲ್ಲಿ. ದಾನವ್ವ ಅದನ್ನು ಎಣಿಸಿದಳು. ಹದಿನೆಂಟು. "ಇದು ಅರಳೂದನ್ನ ಆಕಿ ನೋಡ್ಲೇಬೇಕು" ಎಂದಳು. ಅವತ್ತಿನಿಂದ ಕಿಟಕಿ ಮುಚ್ಚಲು ಬಿಡಲಿಲ್ಲ, ಕುಂಡ ಸರಿಸಲು ಬಿಡಲಿಲ್ಲ. ಅವಳು ಬದುಕಿದ್ದೇ ಆ ಹದಿನೆಂಟು ಮೊಗ್ಗಿನ ಮೇಲೆ.

ಒಂದು ಸೋಮವಾರ ಎಲೆಗಳ ಸಂದಿಯಲ್ಲಿ ಬೆಳ್ಳಗೆ ಏನೋ ಕಂಡಿತು. ಹಿಟ್ಟು ಉದುರಿದ ಹಾಗೆ. ಮೊಗ್ಗಿನ ತೊಟ್ಟಿನಲ್ಲೂ ಇತ್ತು.

ದಾನವ್ವ ಕೈ ಮುಗಿದುಬಿಟ್ಟಳು. "ವಿಭೂತಿ! ಮಾದೇವಿ, ಓಡಿ ಬಾ, ನಿಮ್ಮ ಅಕ್ಕ ಬಂದಾಳ!"

ಬೆರಳ ತುದಿಯಿಂದ ಅದನ್ನು ತೆಗೆದು ಹಣೆಗೆ ಹಚ್ಚಿಕೊಂಡಳು. ಮಹಾದೇವಿ ಹಿಂದೆ ನಿಂತು ನೋಡಿದಳು. ಆ ಹುಡುಗಿ ಮಾತಾಡುವುದು ಕಡಿಮೆ, ನೋಡುವುದು ಜಾಸ್ತಿ. ತಾಯಿಯ ಹಣೆಯ ಮೇಲೆ ಬಿಳಿಯ ನಡುವೆ ನಸುಗೆಂಪು ಪಸೆ ಹರಡಿದ್ದನ್ನು ಅವಳು ನೋಡಿದಳು. ವಿಭೂತಿಯಿಂದ ಕೆಂಪು ರಸ ಒಸರುವುದಿಲ್ಲ.

ಕೆಳಗಿನ ಮನೆಯ ತಿಪ್ಪವ್ವ ಬಂದಳು. ಅವಳೂ ಹಚ್ಚಿಕೊಂಡಳು. "ದಾನವ್ವಕ್ಕ, ನಿನ್ನ ಮಗಳು ಪುಣ್ಯವಂತಿ. ಇಲ್ಲೇ ಒಂದು ಗುಡಿ ಕಟ್ಟಸು, ಬಾಗಲದಾಗ ನಾ ಕಾಯಿ ಮಾರ್ಕೋಂತ ಕುಂದರ್ತೇನಿ" ಎಂದಳು. ದಾನವ್ವ ವರ್ಷದ ಮೇಲೆ ಮೊದಲ ಸಲ ನಕ್ಕಳು. ಆ ನಗು ಕೇಳಿ ಮಹಾದೇವಿಯ ಬಾಯಿ ಇನ್ನೂ ಬಿಗಿಯಾಯಿತು.

ಬಿಳುಪು ದಿನದಿನಕ್ಕೆ ಹೆಚ್ಚಿತು. ಇರುವೆಗಳು ಸಾಲಾಗಿ ಕುಂಡ ಹತ್ತಿದವು. ಎಲೆಗಳು ಅಂಟಂಟಾದವು. ಒಂದು ಮೊಗ್ಗು ಹಳದಿಯಾಗಿ ನನ್ನ ಪಕ್ಕದಲ್ಲೇ ಉದುರಿತು. ಮರುದಿನ ಮತ್ತೆ ಮೂರು. ದಾನವ್ವ ಉದುರಿದ್ದನ್ನು ಪ್ರಸಾದವೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮಹಾದೇವಿ ಒಂದು ಎಲೆಯನ್ನೂ ನನ್ನನ್ನೂ ಚೀಲಕ್ಕೆ ಹಾಕಿಕೊಂಡು ನರ್ಸರಿಗೆ ಹೋದಳು. ಅಲ್ಲಿನ ಮುದುಕ ಮಕ್ತುಂಸಾಬ್ ಎಲೆ ಮಗುಚಿ ನೋಡಿದ.

"ಹಿಟ್ಟು ತಿಗಣಿ ಬೇಟಿ. ರಸ ಹೀರತಾವ. ಹೂ ಬಿಡ್ಲಿಕ್ಕ ಹತ್ತೇತೇನು?"

"ಹ್ಞೂಂ."

"ಹಂಗಾರ ಖಡಕ್ ಔಷಧ ಹೊಡೀಬ್ಯಾಡ, ಮೊಗ್ಗಿ ಸುಟ್ಟು ಹೊಕ್ಕಾವ. ಹತ್ತಿಯನ್ನ ಸ್ಪಿರಿಟ್‌ನಾಗ ಅದ್ದಿ ಒಂದೊಂದ ಒರಸು. ಎಲಿ ತಳಗ ತೆಳ್ಳಗ ಸಾಬಾಣ ನೀರು ಹೊಡಿ, ಬಿಸಿಲಿಲ್ಲದಾಗ. ಮೊಗ್ಗಿಗೆ ಹನಿ ತಾಗಬಾರದು. ವಾರಕ್ಕೊಮ್ಮೆ ಮಾಡು, ತತ್ತಿ ಉಳದಿರ್ತಾವ."

"ಮಾಡಲಿಲ್ಲಂದ್ರ?"

"ಮೊದಲ ಮೊಗ್ಗಿ ಹೊಕ್ಕಾವ, ಆಮ್ಯಾಲ ಬಳ್ಳಿ." ನನ್ನ ಬಾಯಿಯೊಳಗೆ ಸೂಜಿ ಹಾಕಿ ಕಟ್ಟಿದ್ದ ಪಾಚಿ ತೆಗೆದ. "ಇದರಾಗಿನ ನೀರು ಕೊಳತೈತಿ, ಚೆಲ್ಲು."

ಅವಳು ಅಲ್ಲಿ ಚೆಲ್ಲಲಿಲ್ಲ. ಮನೆಗೆ ಬಂದು ಬಚ್ಚಲ ಬಾಗಿಲಲ್ಲಿ ಬಹಳ ಹೊತ್ತು ನನ್ನನ್ನು ಹಿಡಿದು ನಿಂತಳು. ಆಮೇಲೆ ಅಕ್ಕನ ನೀರನ್ನು ಬಳ್ಳಿಯ ಬುಡಕ್ಕೆ ಸುರಿದಳು. ಹೊಟ್ಟೆ ಖಾಲಿಯಾದಾಗ ನನಗೆ ಹಗುರವೆನಿಸಲಿಲ್ಲ. ಇಷ್ಟು ದಿನ ಜತೆಗಿದ್ದ ಯಾರೋ ಎದ್ದು ಹೋದ ಹಾಗಾಯಿತು.

ಮುಂದಿನ ಸೋಮವಾರ ಬೆಳಿಗ್ಗೆ ದಾನವ್ವ ಮಠಕ್ಕೆ ಹೋದಳು. ಮಹಾದೇವಿ ಸಾಬೂನು ನೀರು ಕಲಸಿ ನನ್ನೊಳಗೆ ತುಂಬಿದಳು. ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಸಂದಿ ಒರೆಸತೊಡಗಿದಳು. ನಾಲ್ಕನೆಯ ಎಲೆಗೆ ಬಂದಿದ್ದಳು, ಮೆಟ್ಟಿಲಲ್ಲಿ ಸದ್ದಾಯಿತು. ಅವತ್ತು ಮಠದಲ್ಲಿ ಸ್ವಾಮಿಗಳಿರಲಿಲ್ಲ, ದಾನವ್ವ ಬೇಗ ಬಂದಿದ್ದಳು.

"ಏನ್ ಮಾಡಾಕತ್ತೀದಿ? ಅಕ್ಕನ ವಿಭೂತಿ ಒರಸ್ತೀಯೇನ? ಆಕಿನ್ನ ಇನ್ನೊಮ್ಮೆ ಮನಿಯಿಂದ ಹೊರಗ ಹಾಕ್ತೀಯೇನ?"

ಕಡ್ಡಿಯನ್ನು ಕಸಿದು ಎಸೆದಳು. ಮಹಾದೇವಿ ನನ್ನನ್ನು ಕಟ್ಟೆಯ ಮೇಲಿಟ್ಟಳು. ಅವಳು ಜಗಳವಾಡಲಿಲ್ಲ. ತಾಯಿಯ ಕೈ ಹಿಡಿದು ಬೆಳಕಿಗೆ ಎಳೆದಳು. ಬಳ್ಳಿಯಿಂದ ಒಂದು ಬಿಳಿ ಚೂರನ್ನು ಮೆತ್ತಗೆ ತೆಗೆದು ಆ ಅಂಗೈ ಮೇಲೆ ಇಟ್ಟಳು.

"ನೋಡು ಯವ್ವಾ. ಸುಮ್ನ ನೋಡು."

ಬಿಳಿ ಚೂರು ಸುಮ್ಮನಿತ್ತು. ದಾನವ್ವನ ತುಟಿ ಗೆಲುವಿನಲ್ಲಿ ಅರಳಲು ಹೊರಟಿತು. ಆಗ ಅದು ಅಲುಗಿತು. ಅಂಗೈಯ ಗೆರೆಯೊಂದನ್ನು ಹಿಡಿದು, ಬಹಳ ನಿಧಾನವಾಗಿ, ಮಣಿಕಟ್ಟಿನ ಕಡೆಗೆ ಹೊರಟಿತು.

"ವಿಭೂತಿಗೆ ಕಾಲು ಇರ್ತಾವೇನು?" ಎಂದಳು ಮಹಾದೇವಿ. ಹೇಳಿ ಅವಳೇ ಅತ್ತಳು.

ದಾನವ್ವ ಕೈ ಕೊಡವಲಿಲ್ಲ. ಅದು ಮಣಿಕಟ್ಟು ಮುಟ್ಟುವವರೆಗೂ ನೋಡಿದಳು. ಸೆರಗಿನಿಂದ ಹಣೆಯನ್ನು ತಿಕ್ಕಿದಳು. ಮತ್ತೆ ಮತ್ತೆ ತಿಕ್ಕಿದಳು.

"ಹಂಗಾರ ಆಕಿ ಬಂದಿರಲಿಲ್ಲೇನು?"

ದಾನವ್ವ ಬಳ್ಳಿಯ ಹತ್ತಿರ ಬಂದಳು. ಉಳಿದಿದ್ದ ಮೊಗ್ಗಿನ ಗೊಂಚಲನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದಳು. "ಹೊಡಿ" ಎಂದಳು. ಮಹಾದೇವಿ ಎಲೆಗಳನ್ನು ಮಗುಚಿ ನನ್ನನ್ನು ಒತ್ತಿದಳು. ನೊರೆನೀರು ದಾನವ್ವನ ಕೈಯ ಹಿಂಬದಿಯಿಂದ ಹನಿಯಿತು. ಮೊಗ್ಗಿಗೆ ಒಂದು ಹನಿಯೂ ತಾಗಲಿಲ್ಲ.

ಹದಿನೆಂಟರಲ್ಲಿ ಹನ್ನೊಂದು ಅರಳಿದವು. ಸಂಜೆ ಹೊತ್ತಿಗೆ ಸಿಹಿ ಪರಿಮಳ ಎರಡೂ ಕೋಣೆ ತುಂಬಿತು. ಆ ವಾರವೆಲ್ಲ ದಾನವ್ವ ಯಂತ್ರದ ಮುಂದಿನ ಶಿವಲೀಲಾಳ ಸ್ಟೂಲನ್ನು ಖಾಲಿ ಬಿಟ್ಟು ತಾನು ನೆಲದ ಮೇಲೆ ಕೂತಳು.

ಈಗ ನನಗೆ ವಯಸ್ಸಾಗಿದೆ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿದೆ, ಒತ್ತಿದರೆ ಮರಳಿ ಏಳುವುದಿಲ್ಲ. ಮಹಾದೇವಿ ಹಸಿರು ಬಾಟಲಿ ತಂದಿದ್ದಾಳೆ. ನನ್ನನ್ನು ಎಸೆಯಲಿಲ್ಲ, ಕಿಟಕಿಯ ಮೂಲೆಯಲ್ಲಿ ಇಟ್ಟಿದ್ದಾಳೆ. ಅಲ್ಲಿಂದ ನನಗೆ ಎಲ್ಲ ಕಾಣುತ್ತದೆ. ಕೀಟವನ್ನು ತೊಳೆಯುವುದು ನನಗೆ ಗೊತ್ತಿತ್ತು. ಒಬ್ಬ ತಾಯಿಯ ಕಣ್ಣಿನಿಂದ ಏನನ್ನು ತೊಳೆದೆ ಎಂಬುದು ಇನ್ನೂ ಗೊತ್ತಾಗಿಲ್ಲ.

ಪ್ರತಿ ಸೋಮವಾರ ದಾನವ್ವನೇ ಬಳ್ಳಿ ತಪಾಸಣೆ ಮಾಡುತ್ತಾಳೆ. ಎಲೆಯ ತಳ, ತೊಟ್ಟು, ಕುಂಡದ ಅಂಚು, ಯಾವುದನ್ನೂ ಬಿಡುವುದಿಲ್ಲ. ಬಿಳಿ ಚೂರು ಸಿಕ್ಕರೆ ಕೂಡಲೇ ಒರೆಸುವುದಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿಯುತ್ತಾಳೆ. ಬಹಳಷ್ಟು ನಡೆಯುತ್ತವೆ. ಒಂದೊಂದು ನಡೆಯುವುದಿಲ್ಲ, ಆಗ ದಾನವ್ವ ಫೋಟೊದ ಕಡೆ ನೋಡುತ್ತಾಳೆ. ನಡೆಯದವು ಕೀಟದ ತತ್ತಿಯ ಚೀಲಗಳೆಂದು ಮಹಾದೇವಿಗೆ ಗೊತ್ತು. ಅವಳು ಹತ್ತಿ ಕಡ್ಡಿ ಹಿಡಿದು ಪಕ್ಕದಲ್ಲೇ ನಿಂತಿರುತ್ತಾಳೆ. ತಾಯಿ ಎಷ್ಟು ಹೊತ್ತು ಕಾದರೂ ಅವಸರ ಮಾಡುವುದಿಲ್ಲ.