ಓರಗಿತ್ತಿಯ ನಾಲಿಗೆ

ಅತ್ತೆ ಮಾವ ಇಬ್ಬರೂ ಹೋಗಿ ಎಷ್ಟೋ ಕಾಲವಾಗಿದ್ದರೂ ಬೀದಿಯವರ ಬಾಯಲ್ಲಿ ಆ ಮನೆಯ ಓರಗಿತ್ತಿಯರಿನ್ನೂ ದೊಡ್ಡ ಸೊಸೆ, ಚಿಕ್ಕ ಸೊಸೆಯೇ. ಗಂಡ ತೀರಿಕೊಂಡ ಮೇಲೆ ದೊಡ್ಡ ಸೊಸೆ ಮನೆಯ ಕೆಳಭಾಗದಲ್ಲಿ ಒಬ್ಬಳೇ ಇದ್ದಳು. ಮೈದುನನ ಹೆಂಡತಿ ಚಿಕ್ಕ ಸೊಸೆ ಮೇಲಿನ ಮಹಡಿಯಲ್ಲಿ. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಅನ್ನುವ ಮಾತನ್ನು ಓರಗಿತ್ತಿಯರನ್ನು ನೋಡಿಯೇ ಯಾರೋ ಹೇಳಿರಬೇಕು. ಈ ಇಬ್ಬರು ಮಾತ್ರ ಆ ಗಾದೆಗೆ ಕವಡೆ ಕಿಮ್ಮತ್ತೂ ಕೊಟ್ಟಿರಲಿಲ್ಲ. ಮಧ್ಯಾಹ್ನ ನಾಲ್ಕಾಯಿತೆಂದರೆ ಚಿಕ್ಕವಳು ಚಹಾದ ಕೆಟಲ್ಲು ಹಿಡಿದು ಮೆಟ್ಟಿಲಿಳಿಯಬೇಕು, ದೊಡ್ಡವಳು ಓವನ್ನಿನಿಂದ ಕೇಕು ತೆಗೆಯಬೇಕು. ಮನೆಗೆ ಬೆಂಕಿ ಬಿದ್ದರೂ ಚಹಾ ಕುಡಿದ ಮೇಲೆಯೇ ಆರಿಸುತ್ತಾರೆ ಎಂದು ಮೈದುನ ರೇಗಿಸುತ್ತಿದ್ದ.

ಒಂದು ವಿಚಿತ್ರವೆಂದರೆ, ಕೇಕು ಮಾಡುವವಳು ಅದನ್ನು ತಿನ್ನುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಕಾಲಿನ ಒಂದು ಬೆರಳನ್ನು ಒಪ್ಪಿಸಿದ ಮೇಲೆ ದೊಡ್ಡ ಸೊಸೆ ಸಿಹಿಯನ್ನು ನಾಲಿಗೆಗೆ ಸೋಕಿಸಿದವಳಲ್ಲ. ಮೂಗಿನಿಂದ ಅಳೆಯುತ್ತಿದ್ದಳು, ಬೆರಳಿನಿಂದ ಒತ್ತಿ ನೋಡುತ್ತಿದ್ದಳು, ಕೊನೆಗೆ ಒಂದು ಹೋಳನ್ನು ಓರಗಿತ್ತಿಯ ಮುಂದಿಟ್ಟು ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಅಕ್ಕಪಕ್ಕದವರನ್ನು ಕೇಳಿ ಪ್ರಯೋಜನವಿರಲಿಲ್ಲ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನ, ಇದ್ದಿಲು ಕೊಟ್ಟರೂ ಚೆನ್ನಾಗಿದೆ ಅನ್ನುತ್ತಿದ್ದರು. ಚಿಕ್ಕವಳು ಹಾಗಲ್ಲ. ಬೆಣ್ಣೆ ಹಳೆಯದು ಅಂದರೆ ಹಳೆಯದೇ. ಕಿತ್ತಳೆ ಸಿಪ್ಪೆ ಒಗರು ಹೊಡೆಯುತ್ತಿದೆ ಅಂದರೆ ಹೊಡೆಯುತ್ತಿದೆ. ಮುಖದ ಮೇಲೆ ಹೊಡೆದ ಹಾಗೆ ಹೇಳುವ ಆ ನಾಲಿಗೆಯನ್ನು ನಂಬಿಯೇ ದೊಡ್ಡವಳ ಕೈ ಪಳಗಿದ್ದು.

ಅದನ್ನು ವ್ಯಾಪಾರ ಮಾಡೋಣವೆಂದದ್ದೂ ಚಿಕ್ಕವಳೇ. ಮೊದಲು ಡಬ್ಬಿಗಳಲ್ಲಿ ಮನೆಮನೆಗೆ ಹೋಯಿತು, ಆಮೇಲೆ ಬಸ್ ನಿಲ್ದಾಣದ ತಿರುವಿನಲ್ಲಿ ಮೈದುನ ಒಂದು ಚಿಕ್ಕ ಮಳಿಗೆ ಹಿಡಿದುಕೊಟ್ಟ. ಅದಕ್ಕೆ 'ನಾಲ್ಕು ಗಂಟೆ' ಎಂದು ಹೆಸರಿಟ್ಟರು. ಒಂದು ಗಾಜಿನ ಪೆಟ್ಟಿಗೆ, ಮೂರು ಮೇಜು, ಚಹಾದ ಒಲೆ. ಕೇಕು ಕೆಳಮನೆಯಿಂದ ಹೋಗುತ್ತಿತ್ತು, ಚಹಾ ಅಲ್ಲೇ ಕುದಿಯುತ್ತಿತ್ತು. ನಾಲ್ಕರ ಹೊತ್ತಿಗೆ ಮಾತ್ರ ಮೈದುನನನ್ನು ಅಲ್ಲಿ ಕೂರಿಸಿ ಚಿಕ್ಕವಳು ಮನೆಗೆ ಬರುತ್ತಿದ್ದಳು. ಕಾಲು ಸರಿಯಿಲ್ಲದ ದೊಡ್ಡ ಸೊಸೆ ಮಳಿಗೆಯನ್ನು ನೋಡಿದ್ದು ಒಂದೇ ಸಲ, ಬಾಗಿಲು ತೆರೆದ ದಿನ. ಆದರೂ ಬಂದವರೆಲ್ಲ ಕೇಳುತ್ತಿದ್ದದ್ದು ದೊಡ್ಡ ಸೊಸೆಯ ಕೇಕು ಇದೆಯೇ ಎಂದೇ. ಆ ಸುದ್ದಿಯನ್ನು ಚಿಕ್ಕವಳೇ ಬಂದು ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು. ದೊಡ್ಡವಳು ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳೇ ಹೊರತು ಆ ನಗು ಎಲ್ಲಿಗೆ ನಿಲ್ಲುತ್ತದೆ ಎಂದು ನೋಡಿದವಳಲ್ಲ.

ಹೀಗಿರುವಾಗ ಒಂದು ದಿನ ಕೇಕು ನಿಜವಾಗಿಯೇ ಕೆಟ್ಟಿತು. ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತ ದೊಡ್ಡವಳು ಸೋಡಾಪುಡಿಯನ್ನು ಎರಡು ಸಲ ಹಾಕಿದ್ದಳು. ಮಳಿಗೆಯಲ್ಲಿ ತಿಂದವರು ಉಗುಳಿದರಂತೆ. ಚಿಕ್ಕವಳು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದೊಡ್ಡವಳು ಕುಸಿದು ಕೂತುಬಿಟ್ಟಳು. ಕೈಗುಣ ಹೋಯಿತು, ತನ್ನ ಕಾಲ ಮುಗಿಯಿತು ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಒಂದು ಮಾತು ಇಷ್ಟು ದೊಡ್ಡ ಮರವನ್ನು ಉರುಳಿಸಬಲ್ಲದೆಂದು ಚಿಕ್ಕವಳಿಗೂ ಆವತ್ತೇ ತಿಳಿದದ್ದು.

ಮರುದಿನ ಅವಳು ಒಂದು ಹೋಳು ತಿಂದು ತಲೆ ಅಲ್ಲಾಡಿಸಿದಳು. ಇವತ್ತೂ ಸರಿಹೋಗಿಲ್ಲ ಎಂದಳು. ಅದರ ಮರುದಿನವೂ ಅದೇ. ಮಳಿಗೆಗೆ ಬೇಕಾದ ಕೇಕನ್ನು ತಾನೇ ಅಲ್ಲಿ ಹೇಗೋ ಮಾಡಿಕೊಳ್ಳುತ್ತೇನೆ, ಅಕ್ಕ ಮನೆಯಲ್ಲಿ ಕೈ ಕುದುರಿಸಿಕೊಳ್ಳಲಿ, ಮೊದಲಿನ ರುಚಿ ಬಂದ ದಿನ ಮತ್ತೆ ಕಳಿಸಿದರಾಯಿತು ಎಂದಳು. ದೊಡ್ಡವಳು ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ, ಸಾಕ್ಷಿ ಇದ್ದದ್ದು ಆ ಒಂದೇ ನಾಲಿಗೆ.

ಅಲ್ಲಿಂದ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ. ಬೆಣ್ಣೆ ಬದಲಿಸಿದಳು, ಮೊಟ್ಟೆಯ ಬಿಳಿಯನ್ನು ಬೇರೆ ಮಾಡಿ ತೋಳು ಬಿದ್ದುಹೋಗುವ ತನಕ ಕಡೆದಳು, ಮೈದಾವನ್ನು ಮತ್ತೆಮತ್ತೆ ಜರಡಿ ಹಿಡಿದಳು. ಪರೀಕ್ಷೆಗೆ ಕೂತ ಮಗುವಿನಂತೆ ನಾಲ್ಕು ಗಂಟೆಗೆ ಕಾಯುತ್ತಿದ್ದಳು. ಚಿಕ್ಕವಳು ಚಹಾ ಬಗ್ಗಿಸಿ, ಒಂದು ತುಣುಕು ಬಾಯಿಗೆ ಹಾಕಿಕೊಂಡು, ಅಯ್ಯೋ ಪಾಪ ಅನ್ನುವ ಮುಖ ಮಾಡುತ್ತಿದ್ದಳು. ಉಳಿದದ್ದನ್ನು ಬಿಸಾಡುತ್ತೇನೆಂದು ತಟ್ಟೆಸಮೇತ ಎತ್ತಿಕೊಂಡು ಹೋಗುತ್ತಿದ್ದಳು. ಇಷ್ಟಾದರೂ ತನ್ನನ್ನು ಹೊಟ್ಟೆಗೆ ಹಾಕಿಕೊಂಡಿದ್ದಾಳಲ್ಲ ಎಂದು ದೊಡ್ಡವಳು ಅವಳ ಬೆನ್ನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ.

ಬೇಸಗೆಯ ಒಂದು ಮಧ್ಯಾಹ್ನ, ಬೀದಿಯ ಕೊನೆಯ ಟೈಲರಮ್ಮ ಹೊಲಿಯಲು ಕೊಟ್ಟಿದ್ದ ಪರದೆಗಳನ್ನು ತಂದಳು. ಕಂಕುಳಲ್ಲಿ ಒಂದು ಕಾಗದದ ಡಬ್ಬಿ. ಈಗಷ್ಟೇ ಮಳಿಗೆಯಿಂದ ಕೊಂಡದ್ದಂತೆ. ನೀವು ತಿನ್ನುವ ಹಾಗಿಲ್ಲ, ಕಣ್ಣಿನಿಂದಾದರೂ ನೋಡಿ ಎಂದು ಮುಚ್ಚಳ ತೆಗೆದಳು. ಬೇಜಾರು ಮಾಡಿಕೊಳ್ಳಬೇಡಿ, ಕೇಕಿನಲ್ಲಿ ಚಿಕ್ಕವರು ನಿಮ್ಮನ್ನೇ ಮೀರಿಸಿದ್ದಾರೆ ಎಂದೂ ಸೇರಿಸಿದಳು.

ದೊಡ್ಡ ಸೊಸೆ ನೋಡಿದಳು. ಅವಳ ಹಳೆಯ ಟಿನ್ನಿಗೆ ಒಂದು ಮಗ್ಗುಲಲ್ಲಿ ನೆಗ್ಗು. ಯಾವತ್ತೋ ಕೈಜಾರಿ ಕಲ್ಲಿನ ಮೇಲೆ ಬಿದ್ದದ್ದು. ಅದರಲ್ಲಿ ಬೆಂದ ಕೇಕಿಗೆಲ್ಲ ಅದೇ ಜಾಗದಲ್ಲಿ ಒಂದು ಗುಳಿ ಬೀಳುತ್ತಿತ್ತು. ಡಬ್ಬಿಯೊಳಗಿನ ಕೇಕಿಗೂ ಅದೇ ಗುಳಿ. ಮೇಲೆ ಅವಳು ನಿನ್ನೆ ಉದ್ದುದ್ದಕ್ಕೆ ಸೀಳಿ ಹಾಕಿದ್ದ ಕಿತ್ತಳೆ ಸಿಪ್ಪೆ. ಚಿಕ್ಕವಳು ಬಾಯಿಗಿಡಲಾಗದು ಎಂದು ಎತ್ತಿಕೊಂಡು ಹೋದ ಕೇಕು ಅದು.

ಅರ್ಧ ಇಲ್ಲೇ ಬಿಟ್ಟುಹೋಗು ಎಂದಳು. ಟೈಲರಮ್ಮ ಅತ್ತ ಹೋದದ್ದೇ ತಡ, ಒಂದು ಹೋಳು ಮುರಿದು ತಿಂದಳು. ಬೆರಳು ಹೋದ ಮೇಲೆ ಮೊದಲ ಸಲ. ಅಮೃತದ ಹಾಗಿತ್ತು. ಆದರೆ ಅಷ್ಟು ಕಾಲ ಉಪವಾಸ ಬಿದ್ದ ನಾಲಿಗೆಗೆ ಒಂದು ಚಿಟಿಕೆ ಸಕ್ಕರೆಯೂ ಅಮೃತವೇ ಆಗುತ್ತಿತ್ತು. ಆ ನಾಲಿಗೆಯನ್ನು ಅವಳು ತಾನೇ ನಂಬಲಿಲ್ಲ. ಸಿಟ್ಟಿಗಿಂತ ಮೊದಲು ಅವಳಿಗೆ ಅಳು ಬಂದದ್ದು ಅದಕ್ಕೆ.

ನಾಲ್ಕಕ್ಕೆ ಕೆಟಲ್ಲು ಮೆಟ್ಟಿಲಿಳಿಯಿತು. ಮೇಜಿನ ಮೇಲಿದ್ದ ಅರ್ಧ ಕೇಕನ್ನು ಚಿಕ್ಕವಳು ನೋಡಿದಳು, ಅಕ್ಕನ ಮುಖ ನೋಡಿದಳು, ನಿಂತಲ್ಲೇ ನಿಂತಳು. ಬಿಸಾಡಲು ಮನಸ್ಸು ಬರಲಿಲ್ಲ ಎಂದು ಮೊದಲು ತಡವರಿಸಿದಳು. ಆಮೇಲೆ ಎಂದಿನಂತೆ ಎರಡು ಕಪ್ಪಿಗೆ ಚಹಾ ಬಗ್ಗಿಸಿ ಕೆಟಲ್ಲು ಕೆಳಗಿಟ್ಟಳು.

"ನಾನು ಮಾಡಿದ ಕೇಕನ್ನ ಒಬ್ರೂ ಮುಟ್ತಿರ್ಲಿಲ್ಲ ಅಕ್ಕ. ಎಲ್ರೂ ನಿಂದನ್ನೇ ಕೇಳ್ತಿದ್ರು. ನಿನ್ನ ಕೇಕನ್ನೇ ನಂದು ಅಂತ ಇಟ್ಟೆ, ಆಗ ತಿಂದ್ರು, ಆಗ ಹೊಗಳಿದ್ರು. ಇಷ್ಟು ವರ್ಷ ದಿನಾ ಚಹಾ ತಂದಿದೀನಿ. ಹೇಗಿದೆ ಅಂತ ನೀನೇ ಒಂದಿನ ಹೇಳಿದ್ಯಾ?"

ದೊಡ್ಡವಳು ಯೋಚಿಸಿದಳು. ಹೇಳಿರಲಿಲ್ಲ. ಆ ತಪ್ಪು ತನ್ನದೇ ಎಂದು ಒಪ್ಪಿಕೊಳ್ಳಲು ಅವಳಿಗೆ ಕಷ್ಟವೂ ಆಗಲಿಲ್ಲ. ಆದರೆ ಒಂದು ಹೊಗಳಿಕೆ ಬಾಕಿಯಿದ್ದದ್ದಕ್ಕೆ ಒಬ್ಬಳ ಕೈಯನ್ನೇ ಕತ್ತರಿಸಿಟ್ಟುಕೊಳ್ಳುತ್ತಾರೆಯೇ?

"ಅದಿರ್ಲಿ," ಎಂದಳು. "ಕೇಕು ಹೇಗಿತ್ತು ಹೇಳು. ನಿಜ ಹೇಳು."

"ಚೆನ್ನಾಗಿತ್ತು ಅಕ್ಕ. ಸೋಡಾ ಜಾಸ್ತಿಯಾದ ಅದೊಂದು ದಿನ ಬಿಟ್ರೆ ಯಾವತ್ತೂ ಚೆನ್ನಾಗೇ ಇತ್ತು."

ಈ ಮಾತಿಗಾಗಿ ದೊಡ್ಡವಳು ತಿಂಗಳುಗಟ್ಟಲೆ ಹಂಬಲಿಸಿದ್ದಳು. ಈಗ ಅದು ಬಂತು, ಬಂದು ಕಿವಿಯ ಹೊರಗೇ ನಿಂತಿತು. ನಿನ್ನೆ ಕೆಟ್ಟಿದೆ ಅಂದದ್ದೂ ಇದೇ ಬಾಯಿ, ಇಷ್ಟೇ ಮೆತ್ತಗೆ. ನಿನ್ನೆಯದು ಸುಳ್ಳಾದರೆ ಇವತ್ತಿನದೂ ಸುಳ್ಳಿರಬಹುದು. ಹಿಂದಿನ ಅಷ್ಟೂ ವರ್ಷಗಳ ಭೇಷ್ ಅನ್ನುವುದೂ ಸುಳ್ಳಿರಬಹುದು. ಟೈಲರಮ್ಮನ ಮಾತು, ಮಳಿಗೆಯ ಜನರ ಮಾತು ಯಾವುದೂ ಅವಳೊಳಗೆ ಇಳಿಯುವಂಥದ್ದಾಗಿರಲಿಲ್ಲ. ಇಳಿಯುತ್ತಿದ್ದದ್ದು ಇದೊಂದೇ.

"ಇನ್ನು ನೀನು ಚೆನ್ನಾಗಿದೆ ಅಂದ್ರೂ ನಂಗೆ ಗೊತ್ತಾಗಲ್ಲ, ಕೆಟ್ಟಿದೆ ಅಂದ್ರೂ ಗೊತ್ತಾಗಲ್ಲ," ಎಂದಳು. "ಕೇಕು ಕದ್ದಿದ್ರೆ ಹೋಗ್ಲಿ ಅಂತಿದ್ದೆ. ನಂಗಿದ್ದಿದ್ದು ಅದೊಂದೇ ನಾಲಿಗೆ ಕಣೇ."

ಚಿಕ್ಕವಳು ಅಳುತ್ತ ಏನೇನೋ ಹೇಳಿದಳು. ಆಣೆ ಇಟ್ಟಳು, ನಾಳೆಯಿಂದಲೇ ಎಲ್ಲರೆದುರು ನಿಜ ಹೇಳುತ್ತೇನೆ ಎಂದಳು. ದೊಡ್ಡವಳು ಅದಕ್ಕೂ ಹೂಂ ಅಂದಳು. ಕೊನೆಗೆ ಚಿಕ್ಕವಳು ಮೇಲೆ ಹೋದಳು. ಬಗ್ಗಿಸಿದ್ದ ಚಹಾ ಎರಡು ಕಪ್ಪುಗಳಲ್ಲೂ ಕೆನೆಗಟ್ಟಿತು.

ಮರುದಿನ ಊಟವಾದ ಮೇಲೆ ದೊಡ್ಡ ಸೊಸೆ ಅಭ್ಯಾಸಬಲದಿಂದ ಮೈದಾ ಡಬ್ಬ ಇಳಿಸಿದಳು, ಬೆಣ್ಣೆಯನ್ನು ಮೆತ್ತಗಾಗಲು ಹೊರಗಿಟ್ಟಳು, ಜರಡಿ ಹಿಡಿಯಲು ಕೂತಳು. ಅರ್ಧ ಹಿಟ್ಟು ಇಳಿದ ಮೇಲೆ ಕೈ ನಿಂತಿತು. ಮಾಡಿ ಯಾರ ಮುಂದಿಟ್ಟು ಕೇಳುವುದೆಂದು ಅವಳಿಗೆ ಹೊಳೆಯಲಿಲ್ಲ. ಹಿಟ್ಟನ್ನು ಮತ್ತೆ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದಳು.