ಬೆನ್ನು ನೆಲಕ್ಕೆ

ಮಗ ಸೋಲುವುದನ್ನು ನೋಡುವುದಕ್ಕೆ ಮಲ್ಲಪ್ಪ ಆ ಭಾನುವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟ. ಸೋಲು ನಿಶ್ಚಯವಾಗಿತ್ತು. ಯಾವ ಪೆಟ್ಟಿಗೆ ಬೀಳಬೇಕು, ಹೇಗೆ ಬೀಳಬೇಕು, ಎಷ್ಟು ಹೊತ್ತು ಬಿದ್ದಿರಬೇಕು ಅನ್ನುವುದೆಲ್ಲ ಬುಧವಾರವೇ ಎದುರಾಳಿಯ ಜೊತೆ ಫೋನಿನಲ್ಲಿ ಮಾತಾಗಿತ್ತು. ಕಾರು ಓಡಿಸುತ್ತಿದ್ದವಳು ಸೊಸೆ ನಿವೇದಿತಾ. ಸ್ಯಾನ್ ಹೊಸೆಯಿಂದ ಓಕ್‌ಲ್ಯಾಂಡಿಗೆ ಹೋಗುವ ಫ್ರೀವೇ ಅವತ್ತು ಯಾಕೋ ಬಿಕೋ ಅನ್ನುತ್ತಿತ್ತು. ಹಾಗೆ ಖಾಲಿ ಇದ್ದದ್ದೇ ಅವಳಿಗೆ ಸರಿಬರಲಿಲ್ಲ.

"ಮಾವಾರ, ಇನ್ನೊಮ್ಮೆ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಅಂದಳು. "ಇವರು ಬಿದ್ದ ಮ್ಯಾಲೆ ರೆಫ್ರಿ ಮೂರು ಎಣಿಸ್ತಾನ. ಮೂರು ಅಂದ್ರ ಮುಗೀತು. ಮಂದಿ ಚಪ್ಪಾಳಿ ಹೊಡೀತಾರ, ನಾವು ಮನೀಗೆ ಬರ್ತೀವಿ. ನೀವು ಸುಮ್ನ ಕೂತಿರ್ರಿ, ಅಷ್ಟ ಸಾಕು."

"ನಾ ಏನು ಸಣ್ಣ ಹುಡುಗೇನವಾ? ಸುಮ್ನ ಕೂಡೂದು ಕಲಿಸ್ತಿ ನನಗ!"

"ಡಾಕ್ಟ್ರು ಏನಂದಾರ ಅನ್ನೂದು ನಿಮಗ ಗೊತ್ತೈತಿ."

ಗೊತ್ತಿತ್ತು. ಮಗ ಗುರುಕಿರಣನ ಕುತ್ತಿಗೆಯ ಸ್ಕ್ಯಾನು ತೋರಿಸಿ ಡಾಕ್ಟರು ಹೇಳಿದ್ದು ಒಂದೇ ಮಾತು. ತಲೆ ಅಡಿಯಾಗಿ ಇನ್ನೊಂದು ಸಲ ಬಿದ್ದರೆ ಕತ್ತಿನಿಂದ ಕೆಳಗೆ ಏನೂ ಅಲ್ಲಾಡುವುದಿಲ್ಲ. ಮೂವತ್ತನಾಲ್ಕು ವರ್ಷದ ಗಂಡಸಿಗೆ, ನಾಲ್ಕು ವರ್ಷದ ಮಗಳ ತಂದೆಗೆ, ಕೇಳಿಸಿಕೊಳ್ಳುವಂಥ ಮಾತೇ ಅದು? ನಿವೇದಿತಾ ಅವತ್ತೇ ಹಟ ಹಿಡಿದಳು. ಒಂದು ಕುಸ್ತಿ, ಕಟ್ಟಕಡೆಯದು, ಅದೂ ಕುತ್ತಿಗೆಗೆ ಪೆಟ್ಟಾಗದ ಹಾಗೆ. ಆಮೇಲೆ ಆ ಕಡೆ ತಲೆ ಹಾಕಿ ಮಲಗುವಂತಿಲ್ಲ.

ಈ ಕುಸ್ತಿ ಎಂಥದ್ದು ಅಂತ ಹೇಳಲೇಬೇಕು, ಹೇಳುವುದಕ್ಕೇ ಬಾಯಿ ಒಣಗುತ್ತದೆ. ಅಖಾಡದ ಹಗ್ಗಕ್ಕೆ ಮುಳ್ಳುತಂತಿ ಸುತ್ತಿರುತ್ತಾರೆ. ಟ್ಯೂಬ್‌ಲೈಟುಗಳನ್ನು ಸೌದೆಯ ಹಾಗೆ ಹೊರೆ ಕಟ್ಟಿ ಒಬ್ಬರ ಬೆನ್ನ ಮೇಲೆ ಒಬ್ಬರು ಒಡೆಯುತ್ತಾರೆ. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ, ಆದರೆ ಗಾಜು ಗಾಜೇ, ರಕ್ತ ರಕ್ತವೇ. ಡೆತ್‌ಮ್ಯಾಚ್ ಅಂತ ಇದರ ಹೆಸರು. ಆ ಹೆಸರಿಟ್ಟವನ ಬಾಯಿಗೆ ಹುಳ ಬೀಳಲಿ.

ಹನ್ನೆರಡು ವರ್ಷದಿಂದ ಗುರುಕಿರಣ ಇದನ್ನು ಮಾಡುತ್ತಿದ್ದ. ವಾರವೆಲ್ಲ ಲಾಸ್ ಗ್ಯಾಟೋಸಿನ ಆಫೀಸಿನಲ್ಲಿ ತುಂಬುತೋಳಿನ ಅಂಗಿ ತೊಟ್ಟು ಕೆಲಸ. ಶನಿವಾರ ಭಾನುವಾರ ಸ್ಯಾಕ್ರಮೆಂಟೋ, ಸ್ಟಾಕ್ಟನ್, ಎಲ್ಲಿ ಗೋಡೌನು ಸಿಕ್ಕಿದರೆ ಅಲ್ಲಿ ಗಾಜು. ಕುಸ್ತಿಯ ಯಾವ ಕಂಪನಿಯ ಆಳೂ ಅಲ್ಲ, ಕರೆದವರ ಕಡೆ ಹೋಗುತ್ತಿದ್ದ. ಒಮ್ಮೆ ಜಪಾನಿಗೂ ಹೋಗಿ ಹಣೆಗೆ ಹದಿನೇಳು ಹೊಲಿಗೆ ಹಾಕಿಸಿಕೊಂಡು ಬಂದ. ಸೋಮವಾರ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಸೈಕಲ್ಲಿನಿಂದ ಬಿದ್ದೆ ಅನ್ನುತ್ತಿದ್ದ. ಪಾಪ, ಅಷ್ಟು ಸಲ ಸೈಕಲ್ಲಿನಿಂದ ಬಿದ್ದವರು ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಇದಕ್ಕೆಲ್ಲ ಮೂಲ ಮಲ್ಲಪ್ಪನ ಬಾಯಿ. ಇಂಜಿನಿಯರಾಗಿ ಈ ದೇಶಕ್ಕೆ ಬರುವ ಮುಂಚೆ ಅವನು ಹುಬ್ಬಳ್ಳಿಯ ಗರಡಿಯಲ್ಲಿ ಎಂಟು ವರ್ಷ ಮೈಗೆ ಮಣ್ಣು ಮೆತ್ತಿಕೊಂಡ ಪೈಲ್ವಾನ. ಮಗನೂ ಮೊದಮೊದಲು ಗಾಜು ಮುಟ್ಟಿದವನಲ್ಲ. ಹಾರುವುದು, ಕೆಡವುವುದು, ಬಣ್ಣದ ಚಡ್ಡಿ, ಅಷ್ಟೇ. ಹೇವರ್ಡ್ ಊರಿನ ಒಂದು ಸಭಾಂಗಣಕ್ಕೆ ಅಪ್ಪನನ್ನು ಆಸೆಯಿಂದ ಕರೆದುಕೊಂಡು ಹೋಗಿದ್ದ. ಮಲ್ಲಪ್ಪ ಎರಡನೇ ಸಾಲಿನಲ್ಲಿ ಕೂತು ಗಹಗಹಿಸಿ ನಕ್ಕ. ಮುಗಿದ ಮೇಲೆ ಬೆವರಿನಲ್ಲಿ ತೊಯ್ದು ಎದುರು ಬಂದು ನಿಂತ ಮಗನಿಗೆ, "ಬಯಲಾಟ ಚೊಲೋ ಆಡ್ತಿ. ಕುಸ್ತಿ ಅಂತ ಮಾತ್ರ ಅನಬ್ಯಾಡ ಇದಕ್ಕ. ಖರೇ ಪೆಟ್ಟು ಒಂದರ ಬಿತ್ತೇನು ನಿನಗ?" ಅಂದ. ಗುರುಕಿರಣ ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಆರು ತಿಂಗಳು ಕಳೆದು ಒಂದು ದಿನ ಬೆನ್ನ ತುಂಬ ಸೀಳು ಗಾಯ ಹೊತ್ತು ಮನೆಗೆ ಬಂದ. ಅಖಾಡದಲ್ಲಿ ಅವನು ಇಟ್ಟುಕೊಂಡ ಹೆಸರು ಮ್ಯಾಡ್ ಮಲ್ಲಪ್ಪ.

ಅಪ್ಪನ ಹೆಸರು! ಪೋಸ್ಟರು ನೋಡಿ ಮಲ್ಲಪ್ಪ ಮನೆ ಹಾರಿಹೋಗುವಂತೆ ಕೂಗಾಡಿದ, ಮಾತು ಬಿಟ್ಟ, ಮತ್ತೆ ಆಡಿದ. ಹೋಗಿ ನೋಡಲಿಲ್ಲ ಮಾತ್ರ. ಒಂದೊಂದು ಹೊಸ ಗಾಯ ಕಂಡಾಗಲೂ ಇದು ನನ್ನ ಮಾತಿಗೆ ಬಿದ್ದ ಗಾಯ ಅನಿಸುತ್ತಿತ್ತು. 'ತಪ್ಪಾತೋ ಮಗನ' ಅನ್ನುವ ಎರಡು ಮಾತಿಗೆ ನಾಲಿಗೆ ಏಳಲಿಲ್ಲ. ಹನ್ನೆರಡು ವರ್ಷವೂ ಏಳಲಿಲ್ಲ, ಎಂಥ ಬಿಗುಮಾನವೋ ಏನೋ! ಈ ಸಲ ಮಗನೇ ಬಂದು ಬಾಗಿಲಲ್ಲಿ ನಿಂತು, "ಅಪ್ಪಾ, ಇಟ್ಸ್ ದ ಲಾಸ್ಟ್ ಒನ್. ಬರ್ತೀ?" ಅಂದಾಗ ಮಲ್ಲಪ್ಪ ಗೋಣು ಹಾಕಿದ್ದ.

ಗೋಡೌನು ರೈಲು ಹಳಿಯ ಪಕ್ಕದಲ್ಲಿತ್ತು. ಬಾಗಿಲಲ್ಲಿ ಕೂತವಳು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು: ಗಾಜು ಸಿಡಿದು ಕಣ್ಣಿಗೆ ಬಿದ್ದರೆ ನಾವು ಹೊಣೆಯಲ್ಲ. ಒಳಗೆ ಇನ್ನೂರು ಜನ, ಬಿಯರಿನ ವಾಸನೆ, ಅಖಾಡದ ಕ್ಯಾನ್ವಾಸಿನ ಮೇಲೆ ತೊಳೆದರೂ ಹೋಗದ ಕಂದು ಕಲೆಗಳು.

ಹಿಂದಿನ ಕೋಣೆಯಲ್ಲಿ ಗುರುಕಿರಣ ಮಣಿಕಟ್ಟಿಗೆ ಟೇಪು ಸುತ್ತಿಕೊಳ್ಳುತ್ತಿದ್ದ. ಎದುರಾಳಿ ಡಂಕನ್ ಅಂತ, ವಾರವೆಲ್ಲ ಮನೆಗಳ ಛಾವಣಿ ರಿಪೇರಿ ಮಾಡುವ ದೈತ್ಯ ಗಾತ್ರದ ಮನುಷ್ಯ. ಅವನು ಗುರುಕಿರಣನ ಕುತ್ತಿಗೆಯ ಹಿಂದೆ ಎರಡು ಬೆರಳಿಟ್ಟು, ಕೂಸನ್ನು ಮುಟ್ಟಿದ ಹಾಗೆ ಮುಟ್ಟಿ ನೋಡಿ, "ಬೆನ್ನು ಚಪ್ಪಟೆಯಾಗಿ, ಕುತ್ತಿಗೆಗೆ ಏನೂ ಇಲ್ಲ, ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಮೂರನೇ ಸಲ ಕೇಳಿದ. ತೆರೆದ ಬಾಗಿಲಿನಾಚೆ, ಅಖಾಡದ ಪಕ್ಕದ ಗೋಡೆಗೆ ಬಾಗಿಲಿನಷ್ಟೇ ದೊಡ್ಡ ಗಾಜಿನ ಹಾಳೆ ಒರಗಿಸಿತ್ತು.

"ಅದ್ಯಾಕ ಅದು?" ಅಂದ ಮಲ್ಲಪ್ಪ.

"ಸುಮ್ನೆ ಶೋ ಅಪ್ಪಾ. ಅದನ್ನ ಮುಟ್ಟಲ್ಲ. ನಿವೇದಿತಾಗೆ ಪ್ರಾಮಿಸ್ ಮಾಡೀನಿ."

"ಸೋತು ಯಾಕ ಹೋಗ್ತಿಯೋ? ಗೆದ್ದು ಹೋಗಬೇಕಪಾ ಪೈಲ್ವಾನ ಅಂದ್ರ."

ಗುರುಕಿರಣ ನಕ್ಕ. ಈ ಕಸುಬಿನ ರೂಢಿ ಬೇರೆ ಅಂತ ತನ್ನ ಅರೆಬರೆ ಕನ್ನಡದಲ್ಲಿ ತಿಳಿಹೇಳಿದ. ಬಿಟ್ಟು ಹೋಗುವವನು ಉಳಿಯುವವನ ಕೆಳಗೆ ಬೆನ್ನು ನೆಲಕ್ಕೆ ಕೊಟ್ಟು ಹೋಗಬೇಕು. ತನ್ನ ಹೆಸರನ್ನು ಅವನಿಗೆ ಕೊಟ್ಟ ಹಾಗೆ ಅದು, ಮರ್ಯಾದೆ. ಮಲ್ಲಪ್ಪ ಹೂಂ ಅಂದ. ಆದರೆ ಗರಡಿಯ ಮೈಗೆ ಆ ಮಾತು ಒಗ್ಗಲಿಲ್ಲ.

ಕುಸ್ತಿ ಸುರುವಾಯಿತು. ಮೊದಲ ಟ್ಯೂಬು ಮಗನ ಎದೆಯ ಮೇಲೆ ಢಬ್ಬೆಂದು ಒಡೆದು ಬಿಳಿ ಪುಡಿ ಎದ್ದಾಗ ಮಲ್ಲಪ್ಪ ಕಣ್ಣು ಮುಚ್ಚಿದ. ತೆರೆದಾಗ ರಕ್ತ ಹೊಕ್ಕುಳಿನ ತನಕ ಇಳಿದಿತ್ತು. ಇಂಥದ್ದನ್ನೇ ಅಲ್ಲವೇ ಅವನು ಖರೇ ಪೆಟ್ಟು ಅಂತ ಕೇಳಿದ್ದು? ನಿವೇದಿತಾ ಅಖಾಡದ ಕಡೆ ನೋಡಲಿಲ್ಲ. ಮಡಿಲಲ್ಲಿ ಗಡಿಯಾರ ಹಿಡಿದು, "ಇನ್ನ ಆರು ನಿಮಿಷ, ಇನ್ನ ಐದು," ಅನ್ನುತ್ತಿದ್ದಳು.

ಆಮೇಲೆ ಗುರುಕಿರಣ ಬಗ್ಗಿ, ಡಂಕನ್ನನ ಮೊಣಕಾಲ ಸಂದಿಗೆ ಕೈ ತೂರಿಸಿ, ಭುಜ ಕೊಟ್ಟು, ಆ ಬೆಟ್ಟದಂಥವನನ್ನು ಎತ್ತಿ ಒಗೆದ. ಮಲ್ಲಪ್ಪನ ಮೈ ಝುಮ್ಮೆಂದಿತು. ಅದು ಹುಬ್ಬಳ್ಳಿಯ ಪಟ್ಟು! ಮಗ ಏಳು ವರ್ಷದವನಿದ್ದಾಗ ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ತಾನೇ ಕಲಿಸಿದ್ದು. ಇಷ್ಟು ವರ್ಷ ಇಟ್ಟುಕೊಂಡಿದ್ದಾನಲ್ಲ! ಮಲ್ಲಪ್ಪನ ಕಣ್ಣು ತುಂಬಿತು, ಕಾಲು ತಾವಾಗಿ ಎದ್ದು ನಿಂತವು.

"ಕೂಡ್ರಿ ಮಾವಾರ."

ಕೂಡಲಿಲ್ಲ. ಮಾತಾಗಿದ್ದ ಪ್ರಕಾರ ಡಂಕನ್ ಎದ್ದ, ಟ್ಯೂಬಿನ ಹೊರೆ ನೆಲಕ್ಕೆ ಹಾಸಿದ, ಗುರುಕಿರಣನನ್ನು ಎತ್ತಿ ಅದರ ಮೇಲೆ ಅಂಗಾತ ಕೆಡವಿದ. ಬೆನ್ನು ಚಪ್ಪಟೆಯಾಗಿ ಬಿತ್ತು, ಕುತ್ತಿಗೆ ಮೇಲೆಯೇ ಉಳಿಯಿತು. ಡಂಕನ್ ಮೇಲೆ ಒರಗಿದ. ರೆಫ್ರಿ ನೆಲಕ್ಕೆ ಕೈ ಬಡಿದು ಒಂದು ಅಂದ. ನಿವೇದಿತಾ ತಡೆಹಿಡಿದ ಉಸಿರು ಬಿಟ್ಟಳು.

ಮಲ್ಲಪ್ಪನಿಗೆ ಎಲ್ಲ ಗೊತ್ತಿತ್ತು. ಮೂರಕ್ಕೆ ಮುಗಿಯುತ್ತದೆ, ಮುಗಿಯಲೇಬೇಕು, ಮುಗಿದರೆ ಮಗ ಉಳಿಯುತ್ತಾನೆ. ಗೊತ್ತಿದ್ದೂ, ಎದುರಿಗೆ ತನ್ನ ಮಗ ಇನ್ನೊಬ್ಬನ ಕೆಳಗೆ ಬಿದ್ದಿರುವುದನ್ನು ಅವನ ಮೈ ತಾಳಲಿಲ್ಲ. ಗರಡಿಯಲ್ಲಿ ಹುಡುಗ ಕೆಳಗಾದಾಗ ಮಣ್ಣಿನ ಅಂಚಿಗೆ ಕೂತ, ಪಟ್ಟು ಕಲಿಸುವ ವಸ್ತಾದ ಏನು ಕೂಗುತ್ತಿದ್ದನೋ, ಅದು ಹೊಟ್ಟೆಯೊಳಗಿಂದ ತಾನಾಗಿ ಎದ್ದು ಬಂತು.

"ಏಳೋ! ಏಳೋ ಮಗನ! ಎದ್ದೇಳೋ ನನ್ನ ಹುಲೀ!"

ಗುರುಕಿರಣ ಕಣ್ಣು ತೆರೆದ.

ರೆಫ್ರಿ ಎರಡು ಅಂದ. ಮೂರಕ್ಕೆ ಕೈ ಎತ್ತಿದ. ಗುರುಕಿರಣನ ಬಲ ಭುಜ ನೆಲ ಬಿಟ್ಟು ಎದ್ದಿತು.

ಭುಜ ಎದ್ದರೆ ಎಣಿಕೆ ಮುರಿದ ಹಾಗೆ, ರೆಫ್ರಿಯ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಡಂಕನ್ ಗುರುಕಿರಣನ ಕಿವಿಗೆ ಬಾಯಿಟ್ಟು ಏನೋ ಕೇಳಿದ. ಆ ದೊಡ್ಡ ಮುಖದಲ್ಲಿ ಹೆದರಿಕೆ ಕಂಡಿತು. ಜನಕ್ಕೆ ಅದೆಲ್ಲ ಎಲ್ಲಿ ತಿಳಿಯಬೇಕು? ಮುಂದಿನ ಸಾಲಿನ ಮುದುಕ ಕೂಗಿದ್ದು ಅವರಿಗೆ ಬಹಳ ಹಿಡಿಸಿತ್ತು. ಮೊದಲು ಒಬ್ಬ, ಆಮೇಲೆ ಹತ್ತು ಜನ, ಆಮೇಲೆ ಇಡೀ ಗೋಡೌನು, ಅರ್ಥ ಗೊತ್ತಿಲ್ಲದೆಯೇ ಕಾಲು ಬಡಿದು ಬಡಿದು ಕೂಗತೊಡಗಿತು. ಏಳೋ! ಏಳೋ! ಏಳೋ!

ಗುರುಕಿರಣ ಎದ್ದು ನಿಂತ. ಹಲ್ಲಿನ ತುಂಬ ರಕ್ತ, ಆದರೂ ಸಣ್ಣ ಹುಡುಗನ ಹಾಗೆ ನಗುತ್ತಿದ್ದ. ಅಪ್ಪನ ಕಡೆ ನೋಡಿ ತೊಡೆ ತಟ್ಟಿದ. ಆಮೇಲೆ ಕೈ ಎತ್ತಿ ಗೋಡೆಯ ಗಾಜು ತೋರಿಸಿ, ನನ್ನನ್ನು ಅದರ ಮೇಲೆ ಒಗೆ ಅಂತ ಡಂಕನ್ನನಿಗೆ ಸನ್ನೆ ಮಾಡಿದ.

ಡಂಕನ್ ತಲೆ ಅಲ್ಲಾಡಿಸಿದ. ಗುರುಕಿರಣ ಮತ್ತೆ ತೋರಿಸಿದ. ಇನ್ನೂರು ಜನದ ಎದುರಿಗೆ ಒಬ್ಬ ಬೇಕು ಅಂದದ್ದನ್ನು ಇನ್ನೊಬ್ಬ ಇಲ್ಲ ಅನ್ನುವಂತಿಲ್ಲ, ಅದೂ ಅವನ ಕಡೆಯ ದಿನ. ಗಾಜು ಬಂತು. ಅಖಾಡದೊಳಗೆ ಎರಡು ಕುರ್ಚಿಯ ಮೇಲೆ ಅಡ್ಡ ಇಟ್ಟರು.

ನಿವೇದಿತಾಳ ಉಗುರು ಮಲ್ಲಪ್ಪನ ತೋಳಿಗೆ ಇಳಿಯಿತು. "ಏನು ಮಾಡಿದ್ರಿ ಮಾವಾರ! ಏನು ಮಾಡಿಬಿಟ್ರಿ!"

ಮಲ್ಲಪ್ಪ ಸಾಲಿನ ಮುಂದಿನ ಕಂಬಿಗೆ ಎದೆ ಒತ್ತಿ, ಒಂದು ಅಂಗೈ ಬಾಯಿಗೆ ಹಿಡಿದು, ಇನ್ನೊಂದು ಕೈ ಬೀಸುತ್ತ, ತನ್ನ ಜೀವಮಾನದಲ್ಲಿ ಯಾವ ಪೈಲ್ವಾನನಿಗೂ ಹೇಳದಿದ್ದ ಮಾತನ್ನು ಕೂಗಿದ. "ಮಲಕೋ! ಗುರೂ, ಸಾಕೋ, ಮಲಕೋ ಮಗನ! ತಪ್ಪಾತೋ!" ಗಂಟಲು ಹರಿಯುವ ಹಾಗೆ ಕೂಗಿದ. ಅವನ ಒಂದು ಗಂಟಲು ಇನ್ನೂರು ಗಂಟಲಿನ ಕೆಳಗೆ ಹೂತುಹೋಯಿತು. ಅಪ್ಪ ಎದ್ದು ನಿಂತು ಕೈ ಬೀಸುವುದಷ್ಟೇ ಮಗನಿಗೆ ಕಂಡಿತು. ಅವನು ಇನ್ನೂ ಹುರುಪಾಗಿ ಅಖಾಡದ ಮೂಲೆಯ ಕಂಬ ಹತ್ತಿದ.

ಡಂಕನ್ ಹಿಂದೆಯೇ ಹತ್ತಿ ಅವನನ್ನು ಹೆಗಲಿಗೆ ತೆಗೆದುಕೊಂಡ. ಬೆನ್ನು ಕೆಳಗಾಗುವ ಹಾಗೆ ಒಗೆಯಬೇಕೆಂದು ಅವನೂ ಪ್ರಯತ್ನಪಟ್ಟ, ಅದನ್ನು ಮಲ್ಲಪ್ಪ ಕಣ್ಣಾರೆ ಕಂಡ. ಆದರೆ ರಕ್ತದಲ್ಲಿ ಕೈ ಜಾರಿತು. ಗುರುಕಿರಣ ತಲೆ ಅಡಿಯಾಗಿ ಹೋದ.

ಗಾಜು ಒಡೆದ ಸದ್ದಿಗೆ ಗೋಡೌನೇ ಬಿದ್ದಂತಾಯಿತು. ರೆಫ್ರಿ ಬಗ್ಗಿ ನೋಡಿ, ತಟ್ಟನೆ ಎದ್ದು ಎರಡೂ ತೋಳು ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿದ. ಪೆಟ್ಟು ನಿಜವಾಗಿದೆ, ಡಾಕ್ಟರನ್ನು ಕರೆಯಿರಿ ಅನ್ನುವ ಸನ್ನೆ ಅದು, ಹೆಂಡತಿಯಾದವಳಿಗೆ ಗೊತ್ತು. ನಿವೇದಿತಾ ಕಂಬಿ ಹಾರಿ ಓಡಿದಳು. ಅವಳ ಹಿಂದೆ ಮಲ್ಲಪ್ಪ ಗಾಜಿನ ಮೇಲೆ ಮೊಣಕಾಲೂರಿ ತೆವಳಿಕೊಂಡು ಹೋದ. ಜನ ಇನ್ನೂ ಕಾಲು ಬಡಿಯುತ್ತಿದ್ದರು. ಏಳೋ! ಏಳೋ!

ಗುರುಕಿರಣನ ಕಣ್ಣು ತೆರೆದೇ ಇತ್ತು. ಮಲ್ಲಪ್ಪ ಅವನ ಕೈ ಹಿಡಿದು ಒತ್ತಿದ. ಬೆಚ್ಚಗಿದ್ದ ಆ ಕೈ ಅವನ ಕೈಯನ್ನು ತಿರುಗಿ ಹಿಡಿಯಲಿಲ್ಲ.

"ಅಪ್ಪಾ," ಅಂದ ಮಗ, ಮೆಲ್ಲಗೆ. "ಏಳಾಕ ಆಗವಲ್ದು."

"ಏಳಬ್ಯಾಡ ಮಗನ. ಏಳಬ್ಯಾಡ," ಅಂದ ಮಲ್ಲಪ್ಪ. ಆ ಗದ್ದಲದಲ್ಲಿ ತಾನಂದದ್ದು ಅವನಿಗೇ ಕೇಳಿಸಲಿಲ್ಲ.